ಗ್ರಹಣ : ಆಕಾಶದ ನೆರಳು, ನೆಲದ ಶಾಸನ



ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಐತಿಹಾಸಿಕ ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನನಗೆ ಸಂಕೋಚವೇ ಆಯಿತು. ನಾನು ಪಂಡಿತನಲ್ಲ, ಸಂಶೋಧಕನೂ ಅಲ್ಲ. ಮೆಟ್ರಿಕ್‌ವರೆಗೆ ಓದಿ, ತಂದೆಯವರ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತು, ಸುಮಾರು ನಾಲ್ಕು ದಶಕ ಕಾಳುಕಡಿಯ ವ್ಯಾಪಾರ ಮಾಡಿಕೊಂಡು ಬಂದವನು. ನನಗೆ ತಿಳಿದಿರುವುದು ಲೆಕ್ಕ ಒಂದೇ. ಆದುದರಿಂದ ಲೆಕ್ಕಕ್ಕೆ ಸಂಬಂಧಿಸಿದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಅದು ಸೂರ್ಯ ಚಂದ್ರರ ಗ್ರಹಣದ ವಿಷಯ.

ಈ ವಿಷಯವನ್ನು ಆರಿಸಿಕೊಳ್ಳಲು ನನ್ನ ಕಿರಿಯ ಮಗಳೇ ಕಾರಣಳು. 2025ನೆಯ ಇಸವಿಯಲ್ಲಿ ದಶಲಕ್ಷಣ ಪರ್ವವು ಸೆಪ್ಟೆಂಬರ್ 6ರ ಅನಂತ ಚತುರ್ದಶಿಗೆ ಮುಗಿಯಿತು. ಮರುದಿನ ಹುಣ್ಣಿಮೆ. ಆ ರಾತ್ರಿ ಖಗ್ರಾಸ ಚಂದ್ರಗ್ರಹಣವಾದುದು ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ರಾತ್ರಿ 11 ಗಂಟೆಗೆ ಚಂದ್ರನು ಪೂರ್ಣವಾಗಿ ಮರೆಯಾಗಿ, 82 ನಿಮಿಷಗಳ ಕಾಲ ತಾಮ್ರದ ತಟ್ಟೆಯಂತೆ ಕೆಂಪಗೆ ಕಾಣುತ್ತಿದ್ದನು. ಮಾಳಿಗೆಯ ಮೇಲೆ ನಿಂತು ಮೋಡದ ಸಂದಿಯಲ್ಲಿ ಅದನ್ನು ನೋಡುತ್ತಿದ್ದ ಮಗಳು ನನ್ನನ್ನು ಕೇಳಿದಳು: "ಅಪ್ಪಾ, ಪಾಠಶಾಲೆಯೊಳಗ ರಾಹುವಿನ ವಿಮಾನ ಮುಚ್ಚತದ ಅಂತ ಹೇಳ್ಯಾರ. ಸಾಲ್ಯಾಗ ಭೂಮಿ ನೆರಳು ಅಂತಾರ. ಯಾವುದು ಖರೆ?"

ಆ ಕ್ಷಣದಲ್ಲಿ ನಾನು ಆಕೆಗೆ ಸರಿಯಾದ ಉತ್ತರವನ್ನು ಕೊಡಲಿಲ್ಲ. "ನಾಳೆ ಹೇಳ್ತೀನಿ ತಂಗಿ" ಎಂದು ಜಾರಿಕೊಂಡೆನು. ಆ ನಾಳೆಯ ಉತ್ತರವನ್ನೇ ಈಗ ಬರೆಯುತ್ತಿದ್ದೇನೆ.

ಕೊಣ್ಣೂರಿನ ಹುಣ್ಣಿಮೆ

ಈಗ ಗದಗ ಜಿಲ್ಲೆಗೆ ಸೇರಿರುವ ನರಗುಂದ ತಾಲೂಕಿನಲ್ಲಿ ಕೊಣ್ಣೂರು ಎಂಬ ಊರಿದೆ. ಅದರ ಪ್ರಾಚೀನ ಹೆಸರು ಕೊಳನೂರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಬಂಕೆಯನು ಇಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿದನು. ಬಂಕಾಪುರಕ್ಕೆ ಹೆಸರು ಬಂದುದು ಈ ಮಹಾನುಭಾವನಿಂದಲೇ. ಅವನ ವಿಜ್ಞಾಪನೆಯ ಮೇರೆಗೆ ಅಮೋಘವರ್ಷನು ಮಾನ್ಯಖೇಟದಲ್ಲಿದ್ದುಕೊಂಡು ತಲೆಯೂರು ಎಂಬ ಗ್ರಾಮವನ್ನೂ ಬೇರೆ ಊರುಗಳಲ್ಲಿ ಕೆಲವು ಭೂಮಿಗಳನ್ನೂ ಆ ಬಸದಿಗಾಗಿ ದೇವೇಂದ್ರ ಮುನಿಗಳಿಗೆ ದಾನವಾಗಿ ಕೊಟ್ಟನು. ಕೊಟ್ಟ ದಿನವು ಶಕವರ್ಷ 782ರ ಆಶ್ವಯುಜ ಹುಣ್ಣಿಮೆ. ಅಂದು ಪೂರ್ಣ ಚಂದ್ರಗ್ರಹಣವಾಗಿತ್ತೆಂದು ಶಾಸನವು ಸ್ಪಷ್ಟವಾಗಿ ಹೇಳುತ್ತದೆ.

ಕೊಣ್ಣೂರಿನಲ್ಲಿ ಈಗ ದೊರೆತಿರುವ ಕಲ್ಲು ಅಮೋಘವರ್ಷನ ಕಾಲದ್ದಲ್ಲ. ಹಳೆಯ ತಾಮ್ರಪಟವನ್ನು ನೋಡಿಕೊಂಡು ಕೆಲವು ಶತಮಾನಗಳ ಅನಂತರ ಕೆತ್ತಿಸಿದ ಪ್ರತಿ ಅದು. ಪ್ರತಿ ಎಂದ ಮೇಲೆ ಸಂಶಯಕ್ಕೆ ಎಡೆಯುಂಟು. ಅಂಗಡಿಯಲ್ಲಿ ನಾವೂ ಮೂಲ ಕಿರ್ದಿಯನ್ನು ನಂಬಿದಷ್ಟು ಅದರ ನಕಲನ್ನು ನಂಬುವುದಿಲ್ಲ. ಆದರೆ ಈ ಶಾಸನದಲ್ಲಿ ಒಬ್ಬ ಸಾಕ್ಷಿ ಇದ್ದಾನೆ. ಅವನನ್ನು ಯಾರೂ ತಿದ್ದಲಾರರು, ಕೊಂಡುಕೊಳ್ಳಲಾರರು. ಆ ಸಾಕ್ಷಿ ಚಂದ್ರನು. ಜರ್ಮನ್ ವಿದ್ವಾಂಸರಾದ ಕೀಲ್‌ಹಾರ್ನ್ ಅವರು ಎಪಿಗ್ರಾಫಿಯಾ ಇಂಡಿಕಾದ 6ನೆಯ ಸಂಪುಟದಲ್ಲಿ ಈ ಶಾಸನವನ್ನು ಪ್ರಕಟಿಸುವಾಗ ಆ ತಿಥಿಯ ಲೆಕ್ಕವನ್ನು ಹಾಕಿದರು. ಅದು ಕ್ರಿ.ಶ. 860ರ ಅಕ್ಟೋಬರ್ 3ಕ್ಕೆ ಸರಿಹೊಂದಿತು. ಅಂದು ಭಾರತದಲ್ಲಿ ಕಾಣುವಂಥ ಪೂರ್ಣ ಚಂದ್ರಗ್ರಹಣವು ನಿಜವಾಗಿಯೂ ನಡೆದಿತ್ತು. ಹತ್ತು ಶತಮಾನಗಳ ಹಿಂದಿನ ಒಂದು ಬಸದಿಯ ದಾನದ ತೇದಿಗೆ ಆಕಾಶವೇ ರುಜು ಹಾಕಿತು.

ಕನ್ನಡ ನಾಡಿನ ಶಾಸನಗಳಲ್ಲಿ "ಸೋಮಗ್ರಹಣ", "ಸೂರ್ಯಗ್ರಹಣ" ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ರಾಜರು, ಸಾಮಂತರು, ಸೆಟ್ಟಿಗಳು ಗ್ರಹಣಕಾಲದಲ್ಲಿ ಭೂದಾನ ಮಾಡುವ ಪದ್ಧತಿ ಎಲ್ಲ ಮತಗಳವರಲ್ಲಿಯೂ ಇದ್ದಿತು. ಹುಣ್ಣಿಮೆಯ ರಾತ್ರಿ ಗ್ರಹಣವಾಗುವುದೆಂದು ಮೊದಲೇ ತಿಳಿಯದಿದ್ದರೆ ದಾನಕ್ಕೆ ಸಿದ್ಧತೆ ಮಾಡಿಕೊಳ್ಳುವುದು ಸಾಧ್ಯವೇ? ಗ್ರಹಣವನ್ನು ಮುಂಚಿತವಾಗಿ ಹೇಳಬಲ್ಲ ಗಣಿತಜ್ಞರು ಆಗ ಈ ನಾಡಿನಲ್ಲಿದ್ದರು. ಅದೇ ಅಮೋಘವರ್ಷನ ಕಾಲದಲ್ಲಿ ಬಾಳಿದ ಜೈನ ಗಣಿತಾಚಾರ್ಯ ಮಹಾವೀರಾಚಾರ್ಯರು ತಮ್ಮ "ಗಣಿತಸಾರಸಂಗ್ರಹ"ದ ಮೊದಲಲ್ಲಿ ಗಣಿತವು ಎಲ್ಲೆಲ್ಲಿ ಉಪಯೋಗಕ್ಕೆ ಬರುವುದೆಂದು ಎಣಿಸುವಾಗ ಸೂರ್ಯಾದಿ ಗ್ರಹಗಳ ಚಲನೆಯನ್ನೂ ಗ್ರಹಣವನ್ನೂ ಹೆಸರಿಸಿದ್ದಾರೆ. ಗ್ರಹಣವು ಅವರಿಗೆ ಲೆಕ್ಕದ ವಿಷಯವಾಗಿತ್ತು.

ನೆರಳಿನ ಮಾತು

ಈ ಲೆಕ್ಕದ ಮೂಲವನ್ನು ಸ್ಪಷ್ಟವಾದ ಮಾತುಗಳಲ್ಲಿ ಹೇಳಿದವರು ಆರ್ಯಭಟರು. ಕ್ರಿ.ಶ. 499ರಲ್ಲಿ ತಮಗೆ 23 ವರ್ಷವೆಂದು ತಾವೇ ಹೇಳಿಕೊಂಡ ಈ ಮಹಾಮೇಧಾವಿ "ಆರ್ಯಭಟೀಯ"ದ ಗೋಲಪಾದದಲ್ಲಿ ಎರಡು ಸಂಗತಿಗಳನ್ನು ತಿಳಿಸಿದರು: ಸೂರ್ಯನನ್ನು ಮರೆಮಾಡುವವನು ಚಂದ್ರ, ಚಂದ್ರನನ್ನು ಮರೆಮಾಡುವುದು ಭೂಮಿಯ ದೊಡ್ಡ ನೆರಳು. ಅಷ್ಟು ಹೇಳಿ ಬಿಡದೆ, ಆ ನೆರಳಿನ ಉದ್ದವನ್ನೂ ಚಂದ್ರನಿರುವ ದೂರದಲ್ಲಿ ಅದರ ಅಗಲವನ್ನೂ ಕಂಡುಹಿಡಿಯುವ ಕ್ರಮವನ್ನು ಕೊಟ್ಟರು. ಮುಂದಿನ ಶತಮಾನದ ವರಾಹಮಿಹಿರರು ಸಹ ಗ್ರಹಣಕ್ಕೆ ರಾಹು ಕಾರಣನಲ್ಲವೆಂದು "ಬೃಹತ್ಸಂಹಿತೆ"ಯಲ್ಲಿ ಬರೆದರು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತರು ಮಾತ್ರ, ಲೆಕ್ಕವನ್ನು ನೆರಳಿನಿಂದಲೇ ಮಾಡುತ್ತಿದ್ದರೂ, ಲೋಕಪ್ರಸಿದ್ಧವಾದ ರಾಹುವಿನ ಕಥೆಯನ್ನು ಬಿಡಬಾರದೆಂದು ವಾದಿಸಿದರು. 11ನೆಯ ಶತಮಾನದಲ್ಲಿ ಭಾರತದ ವಿದ್ಯೆಗಳನ್ನು ಅಭ್ಯಾಸ ಮಾಡಿದ ಅಲ್ ಬಿರೂನಿಯು ಇದನ್ನು ಓದಿ, ಇಷ್ಟು ಬಲ್ಲವರು ಹೀಗೇಕೆ ಹೇಳಿದರೆಂದು ಆಕ್ಷೇಪಿಸಿದನು. ಬಾಯಲ್ಲಿ ಒಂದು, ಲೆಕ್ಕದಲ್ಲಿ ಇನ್ನೊಂದು ಎಂಬ ತೊಡಕು ಬಲು ಹಳೆಯದು. ಮಗಳಿಗೆ ಉತ್ತರ ಕೊಡಲು ತಡವರಿಸಿದ ನಾನೂ ಅದೇ ತೊಡಕಿನಲ್ಲಿದ್ದೆನು.

ಗ್ರಹಣ ಹೇಗಾಗುವುದೆಂಬುದನ್ನು ಅಂಗಡಿಯ ಸಾಮಾನುಗಳಿಂದಲೇ ತೋರಿಸಬಹುದು. ಹುಡುಗರಾಡುವ ಒಂದು ಸಣ್ಣ ಗೋಲಿಯನ್ನು ಭೂಮಿ ಎಂದು ಭಾವಿಸಿರಿ. ಆಗ ಚಂದ್ರನು ಒಂದು ಜೋಳದ ಕಾಳಿನಷ್ಟಾಗುತ್ತಾನೆ. ಆ ಕಾಳನ್ನು ಗೋಲಿಯಿಂದ ಒಂದು ಮೊಳಕ್ಕೆ ತುಸು ಕಡಿಮೆ ದೂರದಲ್ಲಿ ಇಡಬೇಕು. ಸೂರ್ಯನು ಚಕ್ಕಡಿಯ ಗಾಲಿಯಷ್ಟು ದೊಡ್ಡವನು. ಅವನನ್ನು 150 ಮೀಟರು ದೂರದಲ್ಲಿ ನಿಲ್ಲಿಸಬೇಕು. ನಿಜವಾದ ಅಳತೆಯಲ್ಲಿ ಚಂದ್ರನ ಸರಾಸರಿ ದೂರ 3,84,400 ಕಿಲೋಮೀಟರು, ಸೂರ್ಯನ ದೂರ ಸುಮಾರು 15 ಕೋಟಿ ಕಿಲೋಮೀಟರು. ಸೂರ್ಯನ ಅಡ್ಡಳತೆ ಚಂದ್ರನ ಅಡ್ಡಳತೆಯ ಸುಮಾರು 400 ಪಟ್ಟು. ಅವನ ದೂರವೂ ಚಂದ್ರನ ದೂರದ ಸುಮಾರು 400 ಪಟ್ಟು. ಈ ಕಾರಣದಿಂದ ನಮ್ಮ ಕಣ್ಣಿಗೆ ಇಬ್ಬರೂ ಒಂದೇ ಗಾತ್ರದವರಾಗಿ ಕಾಣುತ್ತಾರೆ. ಗಾಲಿಯಷ್ಟಿರುವ ಸೂರ್ಯನನ್ನು ಜೋಳದ ಕಾಳಿನಂಥ ಚಂದ್ರನು ಪೂರ್ತಿಯಾಗಿ ಮುಚ್ಚಬಲ್ಲನು.

ಅಮಾವಾಸ್ಯೆಯಂದು ಚಂದ್ರನು ಸೂರ್ಯನಿಗೂ ನಮಗೂ ನಡುವೆ ಬರುತ್ತಾನೆ. ಅವನ ನೆರಳಿನ ಮೊನೆ ಭೂಮಿಯ ಮೇಲೆ ಬಿದ್ದರೆ, ಬಿದ್ದ ಕಡೆಯಲ್ಲಿ ಖಗ್ರಾಸ ಸೂರ್ಯಗ್ರಹಣ. ಆ ನೆರಳಿನ ಪಟ್ಟಿಯ ಅಗಲ ಸಾಮಾನ್ಯವಾಗಿ ನೂರಿನ್ನೂರು ಕಿಲೋಮೀಟರು ಮಾತ್ರ. ಅದರ ಎರಡು ಪಕ್ಕಗಳಲ್ಲಿ ಇರುವವರಿಗೆ ಖಂಡಗ್ರಾಸವಷ್ಟೇ ಕಾಣುತ್ತದೆ. ಚಂದ್ರನು ತನ್ನ ಪಥದಲ್ಲಿ ದೂರ ಹೋಗಿದ್ದಾಗ ಗಾತ್ರದಲ್ಲಿ ಕಿರಿದಾಗಿ ಕಾಣುವುದರಿಂದ ಸೂರ್ಯನ ಅಂಚು ಬಳೆಯಂತೆ ಉಳಿಯುತ್ತದೆ. ಅದು ಕಂಕಣ ಗ್ರಹಣ. 2019ರ ಡಿಸೆಂಬರ್ 26ರಂದು ಮಂಗಳೂರಿನ ಕಡೆಯ ಬಂಧುಗಳು ಅದನ್ನು ಕಂಡಿದ್ದಾರೆ.

ಹುಣ್ಣಿಮೆಯಂದು ಭೂಮಿಯು ಸೂರ್ಯನಿಗೂ ಚಂದ್ರನಿಗೂ ನಡುವೆ ಇರುತ್ತದೆ. ಭೂಮಿಯ ನೆರಳು ಸುಮಾರು 14 ಲಕ್ಷ ಕಿಲೋಮೀಟರು ದೂರದವರೆಗೆ ಚಾಚಿಕೊಂಡಿದೆ. ಚಂದ್ರನಿರುವ ದೂರದಲ್ಲಿಯೂ ಅದರ ಅಗಲ ಚಂದ್ರನ ಎರಡೂವರೆ ಪಟ್ಟಿಗಿಂತ ಹೆಚ್ಚು. ಆದುದರಿಂದಲೇ ಚಂದ್ರನು ಅದರೊಳಗೆ ಒಂದೂವರೆ ಗಂಟೆಗೂ ಹೆಚ್ಚು ಕಾಲ ಮುಳುಗಿರಬಲ್ಲನು. ಚಂದ್ರನ ಮೇಲೆಯೇ ಬಿದ್ದ ನೆರಳಾದುದರಿಂದ, ರಾತ್ರಿಯಾಗಿರುವ ಅರ್ಧ ಭೂಮಂಡಲದವರೆಲ್ಲರೂ ಅದನ್ನು ನೋಡಬಹುದು. ಪೂರ್ಣ ಗ್ರಹಣದಲ್ಲಿಯೂ ಚಂದ್ರನು ಕಪ್ಪಾಗದೆ ಕೆಂಪಾಗುವುದೇಕೆ? ಭೂಮಿಯನ್ನು ಸುತ್ತಿರುವ ಗಾಳಿಯ ಪದರದಲ್ಲಿ ಹಾದ ಬಿಸಿಲು ಬಾಗಿ ನೆರಳಿನೊಳಗೆ ಬೀಳುತ್ತದೆ. ಹಾಗೆ ಹಾದು ಬರುವಾಗ ನೀಲಿಯ ಅಂಶ ಚದುರಿಹೋಗಿ ಕೆಂಪು ಉಳಿಯುತ್ತದೆ. ಅಂದರೆ ಆ ರಾತ್ರಿ ಚಂದ್ರನ ಮೇಲೆ ಬಿದ್ದಿದ್ದುದು ಭೂಮಂಡಲದ ಎಲ್ಲ ಸೂರ್ಯೋದಯ ಸೂರ್ಯಾಸ್ತಗಳ ಬೆಳಕು.

ಹಾಗಾದರೆ ಪ್ರತಿ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಗ್ರಹಣವೇಕಾಗದು? ಚಂದ್ರನ ಪಥವು ಸೂರ್ಯಪಥಕ್ಕೆ ಸುಮಾರು 5 ಅಂಶ ಓರೆಯಾಗಿದೆ. ಹೆಚ್ಚಿನ ತಿಂಗಳುಗಳಲ್ಲಿ ಚಂದ್ರನು ತುಸು ಮೇಲೆ ಅಥವಾ ತುಸು ಕೆಳಗೆ ಹಾದುಹೋಗುತ್ತಾನೆ. ಎರಡು ಪಥಗಳು ಕೂಡುವ ಎರಡು ಸ್ಥಾನಗಳಿಗೇ ಜ್ಯೋತಿಷಿಗಳು ರಾಹು, ಕೇತು ಎಂದು ಹೆಸರಿಟ್ಟರು. ಅವು ಕಣ್ಣಿಗೆ ಕಾಣುವ ವಸ್ತುಗಳಲ್ಲ, ಲೆಕ್ಕದ ಬಿಂದುಗಳು. ಸೂರ್ಯನು ಈ ಎರಡರಲ್ಲಿ ಒಂದರ ಸಮೀಪಕ್ಕೆ ಸುಮಾರು 173 ದಿನಗಳಿಗೊಮ್ಮೆ ಬರುತ್ತಾನೆ. ಆ ಸಮಯದಲ್ಲಿ ಬೀಳುವ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಮಾತ್ರ ಗ್ರಹಣ. ಇದಲ್ಲದೆ 18 ವರ್ಷ 11 ದಿನಗಳಿಗೊಮ್ಮೆ ಒಂದೇ ಬಗೆಯ ಗ್ರಹಣ ಮರುಕಳಿಸುತ್ತದೆ. ಅಧಿಕ ವರ್ಷಗಳ ಕಾರಣದಿಂದ ಒಮ್ಮೊಮ್ಮೆ ಒಂದು ದಿನ ಕಡಿಮೆಯಾಗುವುದುಂಟು. 1980ರ ಫೆಬ್ರವರಿ 16ರ ಸೂರ್ಯಗ್ರಹಣವು 1998ರ ಫೆಬ್ರವರಿ 26ರಂದೂ 2016ರ ಮಾರ್ಚ್ 9ರಂದೂ ಮರಳಿ ಬಂದಿತು. ಪ್ರತಿ ಸಲವೂ ಸುಮಾರು 8 ಗಂಟೆಗಳಷ್ಟು ಹೆಚ್ಚುವರಿ ಉಳಿಯುವುದರಿಂದ ಭೂಮಿಯು ಅಷ್ಟು ತಿರುಗಿ, ನೆರಳು ಬೇರೆ ದೇಶದ ಮೇಲೆ ಬೀಳುತ್ತದೆ. ಸಾಲಗಾರನು ವಾಯಿದೆ ತಪ್ಪಿಸಬಹುದು, ಗ್ರಹಣವು ತಪ್ಪಿಸಿದ್ದಿಲ್ಲ.

ನಮ್ಮ ಆಚಾರ್ಯರು ಹೇಳಿದುದು

ಈಗ ಮಗಳ ಪ್ರಶ್ನೆಯ ಮೊದಲ ಭಾಗಕ್ಕೆ ಬರುತ್ತೇನೆ. ಯತಿವೃಷಭಾಚಾರ್ಯರ "ತಿಲೋಯಪಣ್ಣತ್ತಿ"ಯಲ್ಲಿಯೂ, ಶ್ರವಣಬೆಳಗೊಳದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ "ತ್ರಿಲೋಕಸಾರ"ದಲ್ಲಿಯೂ ಗ್ರಹಣದ ವಿಚಾರವಿದೆ. ಚಂದ್ರವಿಮಾನದ ಕೆಳಗೆ ರಾಹುವಿನ ವಿಮಾನವೂ ಸೂರ್ಯವಿಮಾನದ ಕೆಳಗೆ ಅರಿಷ್ಟವೆಂಬ ವಿಮಾನವೂ ಚಲಿಸುತ್ತವೆ. ಆರು ತಿಂಗಳಿಗೊಮ್ಮೆ ಪರ್ವದ ಕೊನೆಯಲ್ಲಿ ಅವು ಚಂದ್ರ ಸೂರ್ಯರನ್ನು ಮರೆಮಾಡುತ್ತವೆ ಎಂಬುದು "ತ್ರಿಲೋಕಸಾರ"ದ ಅಭಿಪ್ರಾಯ. ಶ್ವೇತಾಂಬರ ಆಗಮವಾದ "ಭಗವತೀ ಸೂತ್ರ"ವಂತೂ, ರಾಹುವು ಚಂದ್ರನನ್ನು ನುಂಗುತ್ತಾನೆಂದು ಹೇಳುವ ಜನರ ಮಾತು ಸುಳ್ಳೆಂದು ನೇರವಾಗಿಯೇ ಖಂಡಿಸುತ್ತದೆ.

ಇದನ್ನು ಶ್ರದ್ಧೆಯಿಂದಲೂ ಪ್ರಾಮಾಣಿಕವಾಗಿಯೂ ಓದಬೇಕು. ಇಲ್ಲಿ ಮೂರು ಸಂಗತಿಗಳು ಕಾಣುತ್ತವೆ. ಮೊದಲನೆಯದು, ನಮ್ಮ ಆಚಾರ್ಯರು ರಾಕ್ಷಸನು ನುಂಗುವ ಕಥೆಯನ್ನು ಒಪ್ಪಲಿಲ್ಲ. ಒಂದು ವಸ್ತು ಇನ್ನೊಂದನ್ನು ಮರೆಮಾಡುತ್ತದೆ ಎಂದರು. ನುಂಗುವುದೆಂದರೆ ಭಯ, ಮರೆಯೆಂದರೆ ಕೇವಲ ಗತಿ. ಎರಡನೆಯದು, ಆರು ತಿಂಗಳ ಅಂತರವನ್ನು ಅವರು ಸರಿಯಾಗಿಯೇ ಗಮನಿಸಿದ್ದರು. ಮೇಲೆ ಹೇಳಿದ 173 ದಿನಗಳ ಲೆಕ್ಕದಂತೆ ಗ್ರಹಣಗಳು ಸಾಮಾನ್ಯವಾಗಿ ಆರು ಚಾಂದ್ರಮಾಸಗಳಿಗೊಮ್ಮೆ, ಅಂದರೆ 177 ದಿನಗಳ ಅಂತರದಲ್ಲಿ ಬರುತ್ತವೆ. ಮೂರನೆಯದು, ಮರೆಮಾಡುವ ವಸ್ತು ಯಾವುದು ಎಂಬಲ್ಲಿ ಅವರ ವಿವರಣೆಯೂ ಇಂದಿನ ಲೆಕ್ಕವೂ ತಾಳೆಯಾಗುವುದಿಲ್ಲ. ಸೂರ್ಯನನ್ನು ಮುಚ್ಚುವ ಕಪ್ಪು ಬಿಂಬವು ಚಂದ್ರನೇ. ಚಂದ್ರನ ಮೇಲೆ ಬೀಳುವ ದುಂಡನೆಯ ಕಪ್ಪು ಭೂಮಿಯ ನೆರಳೇ. ಇದರಲ್ಲಿ ಈಗ ಸಂಶಯಕ್ಕೆ ಅವಕಾಶವಿಲ್ಲ.

ಕೆಲವರು "ಅನೇಕಾಂತದ ದೃಷ್ಟಿಯಿಂದ ಎರಡೂ ಸರಿ" ಎಂದು ಹೇಳಿ ಮುಗಿಸುತ್ತಾರೆ. ಅನೇಕಾಂತವು ಅಷ್ಟು ಅಗ್ಗದ ವಸ್ತುವಲ್ಲವೆಂದು ನನ್ನ ನಮ್ರ ಅಭಿಪ್ರಾಯ. ಎರಡು ಖಾತೆಗಳಲ್ಲಿ ಬೇರೆ ಬೇರೆ ಮೊತ್ತ ಬಂದರೆ ಎರಡೂ ಸರಿಯೆಂದು ಹೇಳುವ ಗುಮಾಸ್ತನನ್ನು ಯಾವ ಅಂಗಡಿಯವರೂ ಇಟ್ಟುಕೊಳ್ಳುವುದಿಲ್ಲ. ಯಾವ ಖಾತೆಯನ್ನು ಯಾವ ಕಾಲದಲ್ಲಿ, ಯಾವ ಸಾಧನದಿಂದ, ಯಾವ ಉದ್ದೇಶಕ್ಕೆ ಬರೆದರೆಂಬುದನ್ನು ವಿಚಾರಿಸಿ ನೋಡಬೇಕು. ನಮ್ಮ ಆಚಾರ್ಯರಿಗೆ ದೂರದರ್ಶಕ ಯಂತ್ರವಿರಲಿಲ್ಲ. ಆದರೂ ಕಣ್ಣಿಗೆ ಕಂಡುದನ್ನು ಕ್ರಮವಾಗಿ ಎಣಿಸಿದರು. ಭಯದ ಕಥೆಯನ್ನು ಕೈಬಿಟ್ಟರು. ಆ ದಾರಿಯಲ್ಲಿ ಮುಂದಿನ ಹೆಜ್ಜೆಗಳನ್ನು ಇಟ್ಟವರ ಮಾತನ್ನು ಒಪ್ಪುವುದರಿಂದ ಅವರಿಗೆ ಅಗೌರವವಾಗದು.

ಇನ್ನೂ ಒಂದು ಮಾತು. ಕೊಣ್ಣೂರಿನ ದಾನ ನಡೆದು ಸರಿಯಾಗಿ 99 ವರ್ಷಗಳ ಮೇಲೆ, ಕ್ರಿ.ಶ. 959ರಲ್ಲಿ, ರಾಷ್ಟ್ರಕೂಟರ ಸಾಮಂತ ರಾಜ್ಯದಲ್ಲಿದ್ದ ಸೋಮದೇವ ಸೂರಿಗಳು "ಯಶಸ್ತಿಲಕ" ಚಂಪುವನ್ನು ಮುಗಿಸಿದರು. ಅದರಲ್ಲಿ ಶ್ರಾವಕನು ಬಿಡಬೇಕಾದ ಮೂಢತೆಗಳನ್ನು ಎಣಿಸುವಾಗ ಗ್ರಹಣಸ್ನಾನವನ್ನೂ ಸೇರಿಸಿದ್ದಾರೆ. ನೀರಿನಲ್ಲಿ ಮುಳುಗಿದ ಮಾತ್ರಕ್ಕೆ ಧರ್ಮವಾಯಿತೆಂದು ತಿಳಿಯುವುದು ಮೂಢತೆ ಎಂಬುದು ಅವರ ಆಶಯ. ಹಾಗಾದರೆ ಗ್ರಹಣದ ರಾತ್ರಿ ಬಂಕೆಯನ ಬಸದಿಗೆ ಕೊಟ್ಟ ಭೂಮಿ ವ್ಯರ್ಥವೇ? ಎಂದಿಗೂ ಅಲ್ಲ. ಆ ದಾನದ ಹಿರಿಮೆ ಚಂದ್ರನ ಕೆಂಪಿನಲ್ಲಿರಲಿಲ್ಲ. ಕೊಟ್ಟವರ ಭಾವದಲ್ಲಿಯೂ ಅದು ನಡೆಸಿದ ಪೂಜೆಯಲ್ಲಿಯೂ ಇತ್ತು. ಗ್ರಹಣವು ಅದಕ್ಕೆ ತೇದಿಯನ್ನು ಒದಗಿಸಿತು.

ಜಮಖಂಡಿಯ ದುರ್ಬೀನು

ಕೊಣ್ಣೂರಿನಿಂದ ಬಡಗಲಿಗೆ ಮಲಪ್ರಭೆ, ಘಟಪ್ರಭೆಗಳನ್ನು ದಾಟಿ ಹೋದರೆ ಜಮಖಂಡಿ. ಆ ಬಸದಿಯ ದಾನಕ್ಕೆ ಸಾವಿರ ವರ್ಷ ಕಳೆದ ಮೇಲೆ, 1868ರ ಆಗಸ್ಟ್ 18ರಂದು, ಚಂದ್ರನ ನೆರಳು ವಿಜಾಪುರ ಸೀಮೆಯಿಂದ ಪೂರ್ವದ ಗುಂಟೂರಿನ ಕಡೆಗೆ ಭಾರತವನ್ನು ದಾಟಿಹೋಯಿತು. ಅದನ್ನು ನೋಡಲು ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷಲ್ ಎಂಬವರು ಜಮಖಂಡಿ ಸಂಸ್ಥಾನಕ್ಕೆ ಬಂದು ದುರ್ಬೀನನ್ನು ಹೂಡಿದರು. ಅವರ ತಂದೆ ಮತ್ತು ಅಜ್ಜ ಇಬ್ಬರೂ ಪ್ರಖ್ಯಾತ ಖಗೋಳಜ್ಞರು. ಶ್ರಾವಣ ಮಾಸದ ಮೋಡಗಳು ಅವರನ್ನು ಕಾಡಿದವು. ಆದರೂ ಮೋಡದ ಬಿಡುವಿನಲ್ಲಿ ಸೂರ್ಯನ ಅಂಚಿನಿಂದ ಮೇಲೆದ್ದ ಜ್ವಾಲೆಗಳ ಬೆಳಕನ್ನು ಅವರು ಗಾಜಿನ ಪಟ್ಟಕದಲ್ಲಿ ಒಡೆದು ನೋಡಿದರು. ಅದರಲ್ಲಿ ಹೊಳೆಯುವ ಪ್ರತ್ಯೇಕ ಗೆರೆಗಳು ಕಂಡವು. ಆ ಜ್ವಾಲೆಗಳು ಕಾದು ಹೊಳೆಯುವ ಅನಿಲವೆಂದು ಇದರಿಂದ ನಿಶ್ಚಯವಾಯಿತು.

ಗುಂಟೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್ ಅವರಿಗೂ ಇದೇ ಗೆರೆಗಳು ಕಂಡವು. ಅವು ಎಷ್ಟು ಪ್ರಖರವಾಗಿದ್ದವೆಂದರೆ, ಮರುದಿನ ಗ್ರಹಣವಿಲ್ಲದಾಗಲೂ ಅವರು ಅವನ್ನು ನೋಡಬಲ್ಲವರಾದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕ್ಯರ್ ಅವರೂ ಸ್ವತಂತ್ರವಾಗಿ ಈ ಕ್ರಮವನ್ನು ಕಂಡುಕೊಂಡರು. ಆ ಗೆರೆಗಳಲ್ಲಿ ಹಳದಿಯ ಒಂದು ಗೆರೆ ಆಗ ತಿಳಿದಿದ್ದ ಯಾವ ಮೂಲವಸ್ತುವಿಗೂ ಸೇರಲಿಲ್ಲ. ಸೂರ್ಯನಲ್ಲಿರುವ ಆ ವಸ್ತುವಿಗೆ ಹೀಲಿಯಂ ಎಂದು ಹೆಸರಾಯಿತು. ಅದು ಭೂಮಿಯ ಮೇಲೆ ದೊರೆತುದು 1895ರಲ್ಲಿ, ರ‍್ಯಾಮ್ಸೆ ಎಂಬವರ ಪ್ರಯೋಗಶಾಲೆಯಲ್ಲಿ. ಮನೆಯ ಬಾಗಿಲು ಹಾಕಿಕೊಂಡು ಕುಳಿತಿದ್ದರೆ ಇದು ತಿಳಿಯುತ್ತಿರಲಿಲ್ಲ.

ತಗಡಿನ ತೂತು

ಬಾಗಿಲು ಹಾಕಿಕೊಂಡು ಕುಳಿತವರಲ್ಲಿ ನಾನೂ ಒಬ್ಬನು. 1980ರ ಫೆಬ್ರವರಿ 16, ಶನಿವಾರ. ಅಂದಿನ ಖಗ್ರಾಸ ಸೂರ್ಯಗ್ರಹಣದ ಪಟ್ಟಿಯು ಅಂಕೋಲೆಯ ಕರಾವಳಿಯಲ್ಲಿ ಕರ್ನಾಟಕವನ್ನು ಪ್ರವೇಶಿಸಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ದೇಶ ವಿದೇಶಗಳ ವಿಜ್ಞಾನಿಗಳು ನಮ್ಮ ಸೀಮೆಗೆ ಬಂದು ಬೀಡುಬಿಟ್ಟಿದ್ದರು. ಅವರು ಸಾವಿರಾರು ಮೈಲಿ ದೂರದಿಂದ ನೋಡಲು ಬಂದುದನ್ನು ನಾವು ಅಂಗಳದಲ್ಲಿದ್ದೂ ನೋಡಲಿಲ್ಲ.

ನಾನಾಗ ಹತ್ತು ವರ್ಷದ ಹುಡುಗ. ಗದುಗಿನ ನಮ್ಮ ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಧ್ಯಾಹ್ನದಿಂದಲೇ ಬಾಗಿಲು ಕಿಟಕಿಗಳನ್ನು ಮುಚ್ಚಿದ್ದರು. ಪೇಟೆಯಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. ಬೆಳಕಿಂಡಿಗೆ ಅಜ್ಜಿಯವರು ಹಳೆಯ ಎಣ್ಣೆ ಡಬ್ಬಿಯ ತಗಡನ್ನು ಮುಚ್ಚಿಸಿದ್ದರು. ಗರ್ಭಿಣಿಯಾಗಿದ್ದ ಚಿಕ್ಕಮ್ಮನವರನ್ನು ಒಳಕೋಣೆಯಲ್ಲಿ ಕೂಡ್ರಿಸಿ, ಸಂಜೆಯವರೆಗೆ ಒಂದು ಗುಟುಕು ನೀರನ್ನೂ ಕೊಡಲಿಲ್ಲ. ಬಾಯಾರಿ ಅವರು ಒಮ್ಮೆ ಕೂಗಿದುದು ನನಗೆ ಈಗಲೂ ಕೇಳಿಸುತ್ತದೆ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಎಲ್ಲರಿಗೂ ಹೆದರಿಕೆ ಇತ್ತು. ಮಗುವಿಗೆ ಕೇಡಾಗಬಾರದೆಂಬ ಪ್ರೀತಿಯೇ ಆ ತಾಯಿಗೆ ನೀರನ್ನು ನಿರಾಕರಿಸಿತು.

ಬೆಳಕಿಂಡಿಯ ತಗಡಿನಲ್ಲಿ ಮೊಳೆ ಹೋದ ಒಂದು ತೂತಿತ್ತು. ಅದರಿಂದ ಇಳಿದ ಬಿಸಿಲು ಎದುರು ಗೋಡೆಯ ಮೇಲೆ ನಾಣ್ಯದಷ್ಟು ದುಂಡಗೆ ಬಿದ್ದಿತ್ತು. ನೋಡುನೋಡುತ್ತಿದ್ದಂತೆ ಆ ದುಂಡು ಒಂದು ಪಕ್ಕದಲ್ಲಿ ಸವೆಯತೊಡಗಿತು. ಅರ್ಧವಾಯಿತು, ಬಿದಿಗೆಯ ಚಂದ್ರನಂತಾಯಿತು, ಮೂರೂವರೆ ಗಂಟೆ ದಾಟಿದ ಮೇಲೆ ನೂಲೆಳೆಯಂತಾಗಿ ಇಲ್ಲವಾಯಿತು. ಮನೆ ಕತ್ತಲಾಯಿತು. ಹೊರಗೆ ಬೇವಿನ ಮರದ ಹಕ್ಕಿಗಳು ಸಂಜೆಯೆಂದು ತಿಳಿದು ಗದ್ದಲವೆಬ್ಬಿಸಿದವು. ಎರಡು ಮೂರು ನಿಮಿಷದಲ್ಲಿ ಗೋಡೆಯ ಮೇಲೆ ಮತ್ತೆ ಬೆಳಕಿನ ಎಳೆ ಮೂಡಿತು. ಸಣ್ಣ ತೂತಿನ ಮೂಲಕ ಬಂದ ಬೆಳಕು ಸೂರ್ಯಬಿಂಬದ ಚಿತ್ರವನ್ನೇ ಮೂಡಿಸುವುದೆಂದು ಆಗ ನನಗೆ ತಿಳಿಯದು. ಮನೆಯವರು ಮುಚ್ಚಿಟ್ಟ ಗ್ರಹಣವನ್ನು ತಗಡಿನ ತೂತು ತೋರಿಸಿಕೊಟ್ಟಿತು.

ಮುಂದೆ ಪತ್ರಿಕೆಯಲ್ಲಿ ಚಿತ್ರ ಬಂದಿತು. ಕಪ್ಪು ಬಿಂಬದ ಸುತ್ತಲೂ ಬೆಳ್ಳಿಯ ಕಿರೀಟದಂಥ ಪ್ರಭೆ. ತಂದೆಯವರು ಗಾದಿಯ ಮೇಲೆ ಕುಳಿತು ಅದನ್ನು ಬಹಳ ಹೊತ್ತು ನೋಡಿದರು. ಅನಂತರ ನನ್ನನ್ನು ಕರೆದು, "ತಮ್ಮಾ, ಇಷ್ಟು ಚಂದ ಇತ್ತಂತ ನೋಡು. ನಮ್ಮ ತಲಿ ಮ್ಯಾಲೆ ಹೋತು, ನಾವು ಬಾಗಿಲಾ ಹಾಕ್ಕೊಂಡು ಕುಂತ್ವಿ" ಎಂದರು. ಅಷ್ಟೇ ಹೇಳಿ ಕಿರ್ದಿಯನ್ನು ಎತ್ತಿಕೊಂಡರು. ಒಂದೇ ಊರಿನ ಮೇಲೆ ಖಗ್ರಾಸ ಸೂರ್ಯಗ್ರಹಣವು ಸರಾಸರಿಯಲ್ಲಿ ಮುನ್ನೂರು ನಾನೂರು ವರ್ಷಗಳಿಗೊಮ್ಮೆ ಮಾತ್ರ ಬರುತ್ತದೆ. ತಂದೆಯವರಿಗೆ ಅದು ಮತ್ತೆ ಕಾಣಸಿಗಲಿಲ್ಲ. ಚಿಕ್ಕಮ್ಮನವರ ಮಗನು ಆರೋಗ್ಯವಾಗಿ ಹುಟ್ಟಿದನು. ಈಗ ಅವನೂ ಸಂಸಾರಸ್ಥನು. ಹೊರಗೆ ನಿಂತು ನೋಡಿದ ಎಷ್ಟೋ ಜನರ ಮಕ್ಕಳೂ ಹಾಗೆಯೇ ಆರೋಗ್ಯವಾಗಿದ್ದಾರೆ.

ಮಗಳಿಗೆ ಉತ್ತರ

ಗ್ರಹಣದಲ್ಲಿ ಒಂದೇ ಒಂದು ನಿಜವಾದ ಅಪಾಯವಿದೆ. ಅದು ಕಣ್ಣಿಗೆ ಸಂಬಂಧಿಸಿದುದು. ಸೂರ್ಯನ ಸ್ವಲ್ಪ ಭಾಗ ಕಾಣುತ್ತಿದ್ದರೂ ಬರಿಗಣ್ಣಿನಿಂದ ನೋಡಬಾರದು. ಬಣ್ಣದ ಗಾಜು, ಮಸಿ ಹಿಡಿಸಿದ ಗಾಜು ಸಾಲದು. ಅದಕ್ಕೆಂದೇ ತಯಾರಾದ ಗ್ರಹಣದ ಕನ್ನಡಕ ಬೇಕು. ಇಲ್ಲವೆ ನಮ್ಮ ತಗಡಿನ ತೂತಿನಂತೆ ಗೋಡೆಯ ಮೇಲೆ ಬಿಂಬವನ್ನು ಬೀಳಿಸಿ ನೋಡಬೇಕು. ಚಂದ್ರಗ್ರಹಣವನ್ನು ಎಷ್ಟು ಹೊತ್ತಾದರೂ ಬರಿಗಣ್ಣಿನಿಂದಲೇ ನೋಡಬಹುದು. ಅನ್ನ ನೀರು ವಿಷವಾಗುವುದಿಲ್ಲ. ರಾತ್ರಿಭೋಜನ ತ್ಯಾಗವು ನಮ್ಮ ವ್ರತ. ಅದನ್ನು ವ್ರತವೆಂದೇ ಪಾಲಿಸೋಣ. ಗರ್ಭಿಣಿಯ ಬಾಯಾರಿಕೆಗೆ ಮಾತ್ರ ಗ್ರಹಣದ ನೆಪ ಬೇಡ. ದಾಹಗೊಂಡ ಜೀವಕ್ಕೆ ನೀರು ಕೊಡುವುದು ಅನುಕಂಪೆ, ತಡೆಯುವುದು ಹಿಂಸೆ.

ಮುಂದೆ 2031ರ ಮೇ 21ರಂದು ಕೇರಳ ತಮಿಳುನಾಡುಗಳ ಮೇಲೆ ಕಂಕಣ ಗ್ರಹಣವು ಹಾದುಹೋಗುವುದು. ನಮ್ಮಲ್ಲಿ ಅದು ಖಂಡಗ್ರಾಸವಾಗಿ ಕಾಣುವುದು. 2034ರ ಮಾರ್ಚ್ 20ರಂದು ಲಡಾಖಿನ ಕಡೆಯಲ್ಲಿ ಖಗ್ರಾಸವಿದೆ. ಆಯುಷ್ಯವಿದ್ದರೆ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಕೆಂದಿದ್ದೇನೆ. ತಂದೆಯವರ ಪಾಲಿನದನ್ನೂ ನಾನೇ ನೋಡಿ ಬರಬೇಕು.

ಆಕೆಯ ಪ್ರಶ್ನೆಗೆ ನನ್ನ ಉತ್ತರ ಇದು: ತಂಗಿ, ಖರೆ ಇರುವುದು ನೆರಳು. ಅದನ್ನು ಸಾಲೆಯಲ್ಲಿ ಕಲಿತಂತೆಯೇ ನಂಬು. ಆದರೆ ಗ್ರಹಣವನ್ನು ರಾಕ್ಷಸನ ಕೈಯಿಂದ ಬಿಡಿಸಿ, ಗತಿ ಮತ್ತು ಎಣಿಕೆಯ ವಿಷಯವಾಗಿ ಕಂಡ ನಮ್ಮ ಆಚಾರ್ಯರಿಗೂ ನಮಸ್ಕಾರ ಮಾಡು. ಪಾಠಶಾಲೆಯಲ್ಲಿ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಡಬೇಕೆಂದು ನಮ್ಮ ಹಿರಿಯರಲ್ಲಿ ನಾನೇ ಬಿನ್ನವಿಸಿಕೊಳ್ಳುತ್ತೇನೆ. ಈ ಲೇಖನವೇ ಆ ಬಿನ್ನಹ.

ಇಂದು ನಾವು ಪ್ರತಿಷ್ಠೆ ಮಾಡುತ್ತಿರುವ ಬಸದಿಯ ಗೋಡೆಯಲ್ಲಿಯೂ ಒಂದು ಶಿಲಾಲೇಖವನ್ನು ಇಡುವವರಿದ್ದೇವೆ. ಅದರಲ್ಲಿ ತಿಥಿ, ವಾರ, ನಕ್ಷತ್ರಗಳನ್ನು ತಪ್ಪಿಲ್ಲದೆ ಕೆತ್ತಿಸೋಣ. ಸಾವಿರ ವರ್ಷಗಳ ಮೇಲೆ ಯಾರೋ ಒಬ್ಬರು ಕೊಣ್ಣೂರಿನ ಕಲ್ಲನ್ನು ಪರೀಕ್ಷಿಸಿದಂತೆ ನಮ್ಮದನ್ನೂ ಆಕಾಶದ ಲೆಕ್ಕಕ್ಕೆ ಹಚ್ಚಿ ನೋಡಿಯಾರು. ಆಗ ನಮ್ಮ ಲೆಕ್ಕವೂ ತಾಳೆಯಾಗಲಿ.

ಬರೆದುದರಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕು, ಕ್ಷಮಿಸಬೇಕು.

ಜೈನಂ ಜಯತು ಶಾಸನಂ.